ನಿಂತಲ್ಲೇ ಓಡುವ ಇಂಜಿನ್

ಸಂಪಾದಕ ಮಿತ್ರರು ಹೋದ ವಾರ ಫೋನ್ ಮಾಡಿ, "ಡಾಕ್ಟ್ರೇ, ಈ ಸಂಚಿಕೆಗೆ ನಿಮ್ಮದೊಂದು ಲೇಖನ ಬೇಕೇ ಬೇಕು. ಆದರೆ ದಯವಿಟ್ಟು ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಬೇಡ. ಹೋದ ಸಲ ನೀವು ಬರೆದದ್ದನ್ನು ಓದಿ ನಮ್ಮ ಮನೆಯಲ್ಲಿ ಯುಗಾದಿಗೂ ಹೋಳಿಗೆ ಮಾಡಲಿಲ್ಲ" ಎಂದರು. ಅವರ ಮನೆಯ ಹೋಳಿಗೆಯ ಮೇಲೆ ನನಗೂ ಆಸೆಯಿರುವುದರಿಂದ ತಕ್ಷಣ ಒಪ್ಪಿಕೊಂಡೆ. ಆದ್ದರಿಂದ ಈ ಸಲ ಮೋಟಾರ್ ಸೈಕಲ್ ವಿಷಯ. ವೈದ್ಯನ ಕೈಗೆ ಪೆನ್ನು ಕೊಟ್ಟ ಮೇಲೆ ನಡುವೆ ನಾಡಿಯ ಮಾತು ನುಸುಳಿದರೆ ಓದುಗ ಬಂಧುಗಳು ಮನ್ನಿಸಬೇಕು.

ಶುಕ್ರವಾರ ಸಂಜೆ ದೋಹಾದ ಕರಕ್ ಚಹಾದಂಗಡಿಗಳ ಮುಂದಿನ ನೋಟ ನಿಮಗೆಲ್ಲ ಗೊತ್ತೇ ಇದೆ. ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಹುಡುಗ ಓಡಿ ಬರುತ್ತಾನೆ. ಬಿಸಿಲ ಕಾಲದಲ್ಲಿ ಎ.ಸಿ. ನಿಲ್ಲಬಾರದೆಂದು ಯಾರೂ ಇಂಜಿನ್ ಆರಿಸುವುದಿಲ್ಲ. ಹತ್ತಿಪ್ಪತ್ತು ಕಾರುಗಳು ನಿಂತಲ್ಲೇ ಮೆಲ್ಲಗೆ ಓಡುತ್ತಿರುತ್ತವೆ. ಇದಕ್ಕೇ ಐಡ್ಲಿಂಗ್ ಎನ್ನುವುದು. ನಮ್ಮ ಮೈಸೂರಿನ ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಸ್ಲೋ ನಿಲ್ಲಿಸೋದು'. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಯಾರೂ ಕಿವಿಗೊಡಬೇಕಾಗಿಲ್ಲ. ನನಗೆ ಮಾತ್ರ ಚಹಾ ಬರುವ ತನಕ ಕಿವಿ ಇಂಜಿನ್ ಕಡೆಗೇ ಇರುತ್ತದೆ. ಈ ಅಭ್ಯಾಸ ಹತ್ತಿದ್ದು ನಮ್ಮಪ್ಪನ ಯೆಜ್ಡಿಯಿಂದ.

ನಮ್ಮಪ್ಪ ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. 1981ರಲ್ಲಿ ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಒಂದು ಯೆಜ್ಡಿ ರೋಡ್‌ಕಿಂಗ್ ತಂದರು. ಮೈಸೂರಿನವರಿಗೆ ಅದು ಹೊರಗಿನ ಗಾಡಿಯಲ್ಲ, ಊರ ಮಗ. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಯಾದವಗಿರಿಯಲ್ಲಿ. ಕಂಪನಿ ಶುರುವಾದದ್ದು 1960ರಲ್ಲಿ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು. ಮೊದಲು ಜಾವಾ ಎಂಬ ಹೆಸರಿನಲ್ಲೂ ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲೂ ಅಲ್ಲಿ ಗಾಡಿಗಳು ತಯಾರಾದವು. 250 ಸಿ.ಸಿ., ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮತ್ತೆ ರಸ್ತೆಗೆ ಬಂತು. ಆದರೆ ಅದು ಫೋರ್ ಸ್ಟ್ರೋಕ್, ಫ್ಯೂಯೆಲ್ ಇಂಜೆಕ್ಷನ್ ಗಾಡಿ. ತಿರುಪು ಹಿಡಿದು ಕಿವಿಗೊಡುವ ಕೆಲಸ ಅದಕ್ಕಿಲ್ಲ.

ಅಪ್ಪ ಪಾಠದಲ್ಲಿ ಹೇಗೋ ಗಾಡಿಯಲ್ಲೂ ಹಾಗೆಯೇ ಕಟ್ಟುನಿಟ್ಟು. ಒಂದು ನೋಟ್‌ಬುಕ್ ಇಟ್ಟಿದ್ದರು. ಎಷ್ಟು ಪೆಟ್ರೋಲು, ಎಷ್ಟು ಆಯಿಲ್ (ಲೀಟರಿಗೆ 40 ಮಿ.ಲೀ.), ಪ್ಲಗ್ ಬದಲಿಸಿದ್ದು ಯಾವತ್ತು, ಎಲ್ಲವೂ ಅದರಲ್ಲಿ. ಮೊದಲ ಪುಟದಲ್ಲಿ ದುಂಡಾದ ಅಕ್ಷರದಲ್ಲಿ 'ಏರ್ ಸ್ಕ್ರೂ 1½' ಎಂದು ಬರೆದಿತ್ತು.

ಆ ಒಂದೂವರೆಯನ್ನು ನನಗೆ ಬಿಡಿಸಿ ಹೇಳಿದವರು ಮಂಡಿ ಮೊಹಲ್ಲಾದ ಒಬ್ಬ ಮೇಸ್ತ್ರಿ. ನಾನಾಗ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ. ಮೊದಲನೇ ವರ್ಷದಿಂದಲೇ ಅವರು ನನ್ನನ್ನು "ಡಾಕ್ಟರ್ ಸಾಬ್" ಎಂದು ಕರೆಯುತ್ತಿದ್ದರು. ಅವರ ಪಾಠ ಹೀಗಿತ್ತು. ಕಾರ್ಬ್ಯುರೇಟರಿನಲ್ಲಿ ಎರಡು ತಿರುಪು. ಒಂದು, ಒಳಗಿನ ಸ್ಲೈಡನ್ನು ಎತ್ತಿ ಇಳಿಸಿ ಇಂಜಿನ್ನಿನ ವೇಗ ಹೆಚ್ಚುಕಡಿಮೆ ಮಾಡುವುದು. ಇನ್ನೊಂದು, ಪೆಟ್ರೋಲಿನ ಜೊತೆ ಸೇರುವ ಗಾಳಿಯನ್ನು ಹದ ಮಾಡುವ ಏರ್ ಸ್ಕ್ರೂ. ತಣ್ಣಗಿರುವ ಇಂಜಿನ್ನಿಗೆ ಕೈ ಹಚ್ಚಬಾರದು. ಐದು ಕಿಲೋಮೀಟರ್ ಓಡಿಸಿ ಬಿಸಿ ಮಾಡಬೇಕು. ಏರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತೆಗೆಯಬೇಕು. ವೇಗ ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡು, ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಕಾಲು ಸುತ್ತು ಹೊರಗೆ ತಿರುಗಿಸುತ್ತಾ ಕೇಳಬೇಕು. ಎಲ್ಲಿ ಇಂಜಿನ್ ತಾನಾಗಿ ಚುರುಕಾಗಿ, ಸಮನಾಗಿ ಓಡುತ್ತದೋ ಅಲ್ಲಿ ಕೈ ಬಿಡಬೇಕು. ಆಮೇಲೆ ಮೊದಲ ತಿರುಪಿನಿಂದ ವೇಗ ಇಳಿಸಬೇಕು. ಕೊನೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ಶಬ್ದ ಏರಿದರೆ ಕೇಬಲ್ ಬಿಗಿಯಾಗಿದೆ ಎಂದರ್ಥ. "ತಿರುಪಿಗೆ ಏನೂ ಗೊತ್ತಿಲ್ಲ ಡಾಕ್ಟರ್ ಸಾಬ್, ಗೊತ್ತಾಗಬೇಕಾದ್ದು ಕಿವಿಗೆ" ಎನ್ನುತ್ತಿದ್ದರು.

1991ರಲ್ಲಿ ನಾನು ಫೈನಲ್ ಇಯರ್. ಆ ಹೊತ್ತಿಗೆ ನನಗೆ ಎಲ್ಲವೂ ಬರುತ್ತದೆ ಎಂಬ ಧೈರ್ಯ ಬಂದಿತ್ತು. ಒಂದು ಭಾನುವಾರ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಮಂಡ್ಯದ ಕಡೆ ಒಂದು ಮದುವೆಗೆ ಹೊರಟಿದ್ದೆ. ಹಿಂದಿನ ವಾರದಿಂದ ಗಾಡಿಯ ಸ್ಲೋ ತಾನಾಗಿಯೇ ಏರಿತ್ತು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಬೇಗ ಕೆಳಗಿಳಿಯದೆ ಕೂಗಿಕೊಳ್ಳುತ್ತಿತ್ತು. ನಾನು ಸ್ಕ್ರೂಡ್ರೈವರ್ ತಂದು ಮೊದಲ ತಿರುಪನ್ನು ಎರಡು ಸುತ್ತು ಸಡಿಲ ಮಾಡಿದೆ. ಶಬ್ದ ಇಳಿಯಿತು. "ಮೇಸ್ತ್ರಿಗೆ ತೋರಿಸೋಣವೇನೋ?" ಎಂದು ಅಪ್ಪ ಕೇಳಿದರು. "ಬೇಡಪ್ಪ, ಸರಿಹೋಯ್ತು" ಎಂದೆ.

ಶ್ರೀರಂಗಪಟ್ಟಣ ದಾಟಿ ಸ್ವಲ್ಪ ದೂರ ಹೋದ ಮೇಲೆ, ಅರವತ್ತರ ವೇಗದಲ್ಲಿ, ಇಂಜಿನ್ ಒಮ್ಮೆ ಕಿರ್ ಎಂದು ಪಿಸ್ಟನ್ ಕಚ್ಚಿಕೊಂಡಿತು. ನಾನು ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ನಿಂತು ಗಾಡಿ ಅಡ್ಡಬಿತ್ತು. ಎದುರಿಗೆ ಬರುತ್ತಿದ್ದದ್ದು ಕಬ್ಬಿನ ಗಾಡಿ, ಲಾರಿಯಲ್ಲ. ಆ ಒಂದು ಕಾರಣಕ್ಕೆ ಇಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಮೊಣಕಾಲು ತರಚಿತು. ಅಪ್ಪನ ಬಲಗೈ ಮಣಿಕಟ್ಟು ಮುರಿಯಿತು. ನಾನು ಹಿಂದಿನ ತಿಂಗಳಷ್ಟೇ ಪರೀಕ್ಷೆಗೆ ಉರು ಹೊಡೆದಿದ್ದ ಕೋಲಿಸ್ ಫ್ರ್ಯಾಕ್ಚರ್, ನಮ್ಮಪ್ಪನ ಕೈಯಲ್ಲೇ ಕಣ್ಣಿಗೆ ಕಂಡಿತು.

ಮರುದಿನ ಮೇಸ್ತ್ರಿ ಪ್ಲಗ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಕಾಫಿ ಪುಡಿಯ ಬಣ್ಣ ಇರಬೇಕಾದದ್ದು ಸುಣ್ಣದಂತೆ ಬೆಳ್ಳಗಿತ್ತು. ಕ್ರ್ಯಾಂಕಿನ ಬಲಗಡೆಯ ಆಯಿಲ್ ಸೀಲ್ ಹತ್ತು ವರ್ಷಕ್ಕೆ ಒಣಗಿ ಸೀಳು ಬಿಟ್ಟಿತ್ತು. ಕಾರ್ಬ್ಯುರೇಟರಿಗೆ ಗೊತ್ತಿಲ್ಲದಂತೆ ಆ ಸೀಳಿನಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದಾಗ ಸ್ಲೋ ಏರುತ್ತದೆ, ಇಂಜಿನ್ ಮಿತಿಮೀರಿ ಕಾಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಅದಕ್ಕೂ ಬರ. "ಗಾಡಿ ಒಂದು ವಾರದಿಂದ ನಿಮಗೆ ಹೇಳ್ತಾನೇ ಇತ್ತು. ನೀವು ಅದರ ಬಾಯಿ ಮುಚ್ಚಿಸಿದ್ರಿ" ಎಂದರು ಮೇಸ್ತ್ರಿ. ಬೈದದ್ದು ಅಷ್ಟೇ. ಅಪ್ಪ ಅಷ್ಟೂ ಬೈಯಲಿಲ್ಲ. ಆರು ವಾರ ಬೋರ್ಡಿನ ಮೇಲೆ ಬರೆಯಲಾಗದೆ ಮಕ್ಕಳ ಕೈಯಲ್ಲಿ ಬರೆಸಿ ಪಾಠ ಮಾಡಿದರು. ಮನೆಯಲ್ಲಿ ಕೇಳಿದವರಿಗೆಲ್ಲ "ರಸ್ತೆಯಲ್ಲಿ ಮರಳಿತ್ತು" ಎಂದರು. ತಿರುಪಿನ ವಿಷಯ ನಾನೂ ಯಾರಿಗೂ ಹೇಳಲಿಲ್ಲ.

ಇನ್ನು ನಾಡಿಯ ಮಾತು. 1996ರಲ್ಲಿ ನಾನು ಅಮೆರಿಕೆಯ ಓಹಾಯೋದಲ್ಲಿ ರೆಸಿಡೆಂಟ್. ಒಂದು ರಾತ್ರಿ ಹೊಟ್ಟೆನೋವೆಂದು ಸೇರಿದ್ದ ಒಬ್ಬ ಹಿರಿಯರ ನಾಡಿ ನಿಮಿಷಕ್ಕೆ 120 ಬಡಿಯುತ್ತಿತ್ತು. ಬಿ.ಪಿ. ಸರಿಯಾಗಿಯೇ ಇತ್ತು. ಮೂವತ್ತು ಗಂಟೆ ನಿದ್ದೆಗೆಟ್ಟಿದ್ದ ನಾನು ನಾಡಿ ಇಳಿಸುವ ಮಾತ್ರೆ ಬರೆಯಲು ಚಾರ್ಟ್ ಎತ್ತಿಕೊಂಡೆ. ಪಕ್ಕದಲ್ಲಿದ್ದ ವಯಸ್ಸಾದ ನರ್ಸ್, "ಅದು ಯಾಕೆ ಅಷ್ಟು ಓಡುತ್ತಿದೆ ಡಾಕ್ಟರ್?" ಎಂದು ಕೇಳಿದರು. ನನ್ನ ಕಣ್ಣ ಮುಂದೆ ಆ ಬಿಳಿಯ ಪ್ಲಗ್ ಬಂತು. ಚಾರ್ಟ್ ಕೆಳಗಿಟ್ಟು ಮತ್ತೆ ಪರೀಕ್ಷೆ ಮಾಡಿದೆ. ಅವರ ಹೊಟ್ಟೆಯ ಹುಣ್ಣಿನಿಂದ ಒಳಗೊಳಗೇ ರಕ್ತ ಸೋರುತ್ತಿತ್ತು. ಇದ್ದ ರಕ್ತದಲ್ಲೇ ಮೈ ಸಾಕಲು ಹೃದಯ ಓಡುತ್ತಿತ್ತು. ಆ ಓಟವನ್ನು ನಾನು ಮಾತ್ರೆಯಿಂದ ಕಟ್ಟಿಹಾಕಿದ್ದರೆ ಬೆಳಗಿನ ಹೊತ್ತಿಗೆ ಏನಾಗುತ್ತಿತ್ತೋ. ಅವರು ಗುಣವಾಗಿ ಮನೆಗೆ ಹೋದರು. ಅಂದಿನಿಂದ ಇಂದಿನವರೆಗೂ, ಇಲ್ಲಿ ದೋಹಾದಲ್ಲಿ ಸಹ, ನಾಡಿ ಜೋರಾಗಿರುವ ರೋಗಿ ಬಂದರೆ ಮೊದಲು ನಾನು ಹುಡುಕುವುದು ಸೀಲ್ ಎಲ್ಲಿ ಸೀಳಿದೆ ಎಂದು. ತಿರುಪು ಆಮೇಲೆ.

2018ರಲ್ಲಿ ಅಪ್ಪ ತೀರಿಕೊಂಡರು. ಗಾಡಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಆದರೆ ನಾವು ಗಲ್ಫ್‌ನವರು, ವರ್ಷಕ್ಕೊಂದು ರಜೆ. ಹನ್ನೊಂದು ತಿಂಗಳು ನಿಂತ ಗಾಡಿಯಲ್ಲಿ ಮೊದಲು ಕೆಡುವುದು ಈ ಸ್ಲೋ. ಅದಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ತೂತು ಸೂಜಿಮೊನೆಯಷ್ಟು. ನಿಂತ ಪೆಟ್ರೋಲು ಆರಿ, ಅಂಟಾಗಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಊರಿನಲ್ಲಿ ಹಳೆಯ ಗಾಡಿ ಇಟ್ಟಿರುವ ಸದಸ್ಯರು ಹೊರಡುವ ದಿನ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ಆರುವ ತನಕ ಓಡಿಸಿಬಿಡಿ. ಕಾರ್ಬ್ಯುರೇಟರ್ ಖಾಲಿಯಾಗಿದ್ದರೆ ಈ ತೊಂದರೆ ಮುಕ್ಕಾಲು ಪಾಲು ಇಲ್ಲ.

ಹೋದ ರಜೆಯಲ್ಲಿ ನಾನೇ ಇದನ್ನು ಮರೆತು ಬಂದಿದ್ದೆ. ದೋಹಾದಲ್ಲಿ ಹುಟ್ಟಿ ಬೆಳೆದ ಮಗ ಈಗ ಮೈಸೂರಿನಲ್ಲಿ ಅಜ್ಜಿಯ ಜೊತೆಗಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ಜನವರಿಯ ಒಂದು ಬೆಳಿಗ್ಗೆ ವೀಡಿಯೋ ಕಾಲ್ ಮಾಡಿದ. "ಅಪ್ಪ, ತಾತನ ಗಾಡಿ ಚೋಕ್ ಹಾಕಿದ್ರೆ ಸ್ಟಾರ್ಟ್ ಆಗತ್ತೆ, ಚೋಕ್ ತೆಗೆದ್ರೆ ಆಫ್ ಆಗತ್ತೆ." ನಾನು ಇಲ್ಲಿಂದ ಹೇಳುತ್ತಾ ಹೋದೆ. ಅವನು ಜೆಟ್ ಬಿಚ್ಚಿ, ವೈರಿನ ಒಂದೆಳೆ ತಾಮ್ರದಿಂದ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಕೂರಿಸಿದ. ಸೀಲ್ ಸರಿಯಿದೆಯೋ ಎಂದು ಪ್ಲಗ್ಗಿನ ಬಣ್ಣ ತೋರಿಸಲು ಹೇಳಿದೆ. ಬೆಳ್ಳಗಿರಲಿಲ್ಲ. ಒಂದು ಸುತ್ತು ಓಡಿಸಿ ಬಂದು, ಏರ್ ಸ್ಕ್ರೂ ಒಂದೂವರೆಗೆ ಇಟ್ಟು, ಫೋನನ್ನು ಇಂಜಿನ್ ಪಕ್ಕ ಹಿಡಿದ.

"ಕೇಳಿಸ್ತಾ ಅಪ್ಪ?"

ಏನೂ ಕೇಳಿಸಲಿಲ್ಲ! ಅವನ ಮಾತು ಸ್ಪಷ್ಟ, ಇಂಜಿನ್ನಿನ ಶಬ್ದ ಮಾತ್ರ ಮಂಗಮಾಯ. ಈ ಫೋನುಗಳು ಮನುಷ್ಯನ ದನಿಯನ್ನು ಇಟ್ಟುಕೊಂಡು, ಒಂದೇ ಸಮ ಬರುವ ಶಬ್ದವನ್ನು ಗದ್ದಲವೆಂದು ಅಳಿಸಿಬಿಡುತ್ತವಂತೆ.

"ನನಗೆ ಕೇಳಿಸ್ತಿಲ್ಲ ಕಣೋ. ನೀನೇ ಕೇಳು, ಕೇಳಿ ಹೇಳು" ಎಂದೆ.

ಅವನು ಬಗ್ಗಿ ಕೂತು ಕಾಲು ಸುತ್ತು ಒಳಗೆ, ಕಾಲು ಸುತ್ತು ಹೊರಗೆ ತಿರುಗಿಸುತ್ತಾ ಹತ್ತು ನಿಮಿಷ ಸುಮ್ಮನಿದ್ದ. ನಾನು ಇಲ್ಲಿ ಅವನ ಮುಖ ನೋಡುತ್ತಾ ಕೂತೆ. ಆಮೇಲೆ, "ತಾತನ ಬುಕ್ಕಲ್ಲಿ ಒಂದೂವರೆ ಅಂತಿದೆ. ಆದ್ರೆ ಒಂದೂಕಾಲಲ್ಲೇ ಚೆನ್ನಾಗಿ ಓಡ್ತಿದೆ. ಹ್ಯಾಂಡಲ್ ತಿರುಗಿಸಿದ್ರೂ ಒಂದೇ ಥರ ಇದೆ" ಎಂದ. ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಈಗಿನ ಪೆಟ್ರೋಲಿನಲ್ಲೇ ಆಮ್ಲಜನಕ ಇರುವುದರಿಂದ ಹೊರಗಿನ ಗಾಳಿ ಸ್ವಲ್ಪ ಕಡಿಮೆ ಸಾಕು. ಹಾಗಾಗಿ ಅವನ ಕಿವಿ ಹೇಳಿದ್ದೇ ಸರಿ. ಹಾಗೆಂದೆ.

ನೋಟ್‌ಬುಕ್ಕಿನ ಪುಟ ತಿರುವುತ್ತಿದ್ದವನು ಒಂದು ಕಡೆ ನಿಂತ. "ಅಪ್ಪ, 1991ರಲ್ಲಿ ಒಂದು ಪೇಜಲ್ಲಿ ತಾತನ ಅಕ್ಷರ ಯಾಕೆ ಹೀಗಿದೆ? ಚಿಕ್ಕ ಮಕ್ಕಳ ಥರ?" ಎಂದು ಕೇಳಿ ಫೋನಿಗೆ ಹಿಡಿದ. ಸೊಟ್ಟಸೊಟ್ಟಗೆ, ಎಡಗೈಯಲ್ಲಿ ಬರೆದದ್ದು: 'ಆಯಿಲ್ ಸೀಲ್ ಹೊಸದು. ಬೋರ್ ಮಾಡಿಸಿದೆ. ಗಾಡಿ ಸರಿಯಾಗಿದೆ.' ಬೇರೆ ಏನೂ ಇರಲಿಲ್ಲ.

ಮೂವತ್ತು ವರ್ಷಕ್ಕೂ ಮೇಲಾಯಿತು, ಅಷ್ಟು ದಿನ ಯಾರಿಗೂ ಹೇಳದೆ ಇದ್ದದ್ದನ್ನು ಅಂದು ಅವನಿಗೆ ಹೇಳಿದೆ. ತಿರುಪು, ಕಬ್ಬಿನ ಗಾಡಿ, ಬಿಳಿಯ ಪ್ಲಗ್, ಎಲ್ಲವನ್ನೂ. ಅವನು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು, ಮೊದಲ ಪುಟದಲ್ಲಿ ತಾತನ 'ಏರ್ ಸ್ಕ್ರೂ 1½' ಎಂಬುದರ ಕೆಳಗೆ ತಾರೀಖು ಹಾಕಿ '1¼' ಎಂದು ಬರೆದ. ಹಿಂದೆ ಗಾಡಿ ಇನ್ನೂ ನಿಂತಲ್ಲೇ ಓಡುತ್ತಿತ್ತು. ಫೋನಿನಲ್ಲಿ ಕೇಳಿಸದಿದ್ದರೂ ಸೈಲೆನ್ಸರಿನ ಹೊಗೆ ಕಾಣುತ್ತಿತ್ತು.