ಪರದೇಶಿ ಮತ್ತು ತಳ್ಳುಗಾಡಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅನ್ಯದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂಬುದು ಇನ್ನೊಂದು. ದೂರದೇಶದಿಂದ ವಿದ್ಯಾರ್ಜನೆಗಾಗಿ ಬೆಂಗಳೂರಿಗೆ ಬಂದು, ಸುದ್ದಗುಂಟೆಪಾಳ್ಯದ ಬಾಡಿಗೆ ಕೋಣೆಯೊಂದರಲ್ಲಿ ಪೆಟ್ಟಿಗೆ ಇಳಿಸಿದ ತರುಣನಿಗೆ ಮೊದಲ ಕೆಲವು ವಾರ ಈ ಎರಡೂ ಅರ್ಥಗಳು ಒಟ್ಟಿಗೇ ಅನುಭವಕ್ಕೆ ಬರುತ್ತವೆ. ಅದರಲ್ಲಿಯೂ ಊಟದ ಹೊತ್ತಿನಲ್ಲಿ.

ತಾವರೆಕೆರೆಯ ಮಗ್ಗುಲಲ್ಲಿ, ಹೊಸೂರು ರಸ್ತೆಗೆ ಸಮೀಪದಲ್ಲಿರುವ ಈ ಪಾಳ್ಯ ಹೆಸರೇ ಸೂಚಿಸುವಂತೆ ಒಂದು ಕಾಲದ ಹಳ್ಳಿ. ನೆರೆಯಲ್ಲಿ 1969ರಲ್ಲಿ ಕ್ರೈಸ್ಟ್ ಕಾಲೇಜು ಆರಂಭವಾಗಿ, 2008ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮನ್ನಣೆ ದೊರೆತ ಮೇಲಂತೂ ಇಲ್ಲಿನ ಗಲ್ಲಿಗಳು ವಿದ್ಯಾರ್ಥಿಗಳಿಂದ ತುಂಬಿಹೋದವು. ಸಂಜೆಯಾಯಿತೆಂದರೆ ತಳ್ಳುಗಾಡಿಗಳ ದೀಪಗಳು ಹತ್ತಿಕೊಳ್ಳುತ್ತವೆ. ಮಸಾಲೆ ಪುರಿಯ ಬಟಾಣಿ ರಸ ಕುದಿಯುತ್ತದೆ. ಮೆಣಸಿನಕಾಯಿ ಬಜ್ಜಿ ಎಣ್ಣೆಯಲ್ಲಿ ಮುಳುಗೇಳುತ್ತದೆ. ಚೀನಾದೇಶದ ಹೆಸರು ಹೊತ್ತು, ಚೀನಾದವರಿಗೇ ಅಪರಿಚಿತವಾದ ಗೋಬಿ ಮಂಚೂರಿಯೂ ಅಲ್ಲಿರುತ್ತದೆ. 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬೀದಿಯ ತಿಂಡಿಯೆಲ್ಲ ಅಮೃತವೆಂದು ಯಾರೂ ಸಾಧಿಸಬೇಕಾಗಿಲ್ಲ. ಮೊದಲ ತಿಂಗಳಲ್ಲಿ ಹೊಟ್ಟೆ ಕೆಡಿಸಿಕೊಳ್ಳದ ಹೊಸಬರು ವಿರಳ.

ಆದರೂ ಅವನು ಮತ್ತೆ ಅಲ್ಲಿಗೇ ಬರುತ್ತಾನೆ. ಕೈಯಲ್ಲಿರುವ ಹಣ ಸ್ವಲ್ಪ ಎಂಬುದು ಒಂದು ಕಾರಣ. ದೊಡ್ಡ ಹೋಟೆಲಿನಲ್ಲಿ ತಿಂಡಿಯ ಪಟ್ಟಿಯನ್ನು ಓದಬೇಕು. ಗಾಡಿಯ ಮುಂದೆ ಬೆರಳು ತೋರಿದರೆ ಸಾಕು ಎಂಬುದು ಮತ್ತೊಂದು. ‘ಅಣ್ಣ, ಖಾರ ಕಮ್ಮಿ’ ಎಂಬ ಮೂರು ಮಾತುಗಳೇ ಎಷ್ಟೋ ಜನ ಪರದೇಶದವರ ಕನ್ನಡ ವಿದ್ಯಾಭ್ಯಾಸದ ಪ್ರಥಮ ಪಾಠ. ಕಾಲೇಜಿನಲ್ಲಿ ಇಂಗ್ಲಿಷ್ ಸಾಕಾಗುತ್ತದೆಯಾದ್ದರಿಂದ, ಈ ಭಾಷೆ ಅವನಿಗೆ ದೊರೆಯುವುದು ಬೀದಿಯಲ್ಲಿಯೇ.

ಪೂರ್ವ ಆಫ್ರಿಕದಿಂದ ಬಂದ ವಿದ್ಯಾರ್ಥಿಗಂತೂ ಬೆಂಗಳೂರಿನ ರಸ್ತೆಬದಿಯಲ್ಲಿ ಒಂದು ಆಶ್ಚರ್ಯ ಕಾದಿರುತ್ತದೆ. ಮಧ್ಯಾಹ್ನ ಆಟೋ ಚಾಲಕರೂ ಗಾರೆ ಕೆಲಸದವರೂ ನಿಂತು ಉಣ್ಣುವ ಮುದ್ದೆಯ ಗಾಡಿಯೇ ಅದು. ಮೈಸೂರು ಸೀಮೆಯ ರೈತ ತನ್ನದೇ ಎಂದು ಬಗೆದಿರುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂಬುದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಸಾವಿರಾರು ವರ್ಷಗಳ ಹಿಂದೆ ಇಥಿಯೋಪಿಯ, ಉಗಾಂಡಗಳ ಕಡೆ ಬೇಸಾಯಕ್ಕೆ ಬಂದ ಈ ಧಾನ್ಯ ಪ್ರಾಚೀನಕಾಲದಲ್ಲಿಯೇ ಭರತಖಂಡವನ್ನು ಸೇರಿತು. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ‘ವಿಂಬಿ’ ಎಂದು ಹೆಸರು. ಅದರ ಹಿಟ್ಟಿನ ಗಂಜಿ, ‘ಉಜಿ’, ಅಲ್ಲಿನ ಮಕ್ಕಳಿಗೆ ಬೆಳಗಿನ ಆಹಾರ. ಇಲ್ಲಿನ ಅಂಬಲಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಜೋಳದ ಹಿಟ್ಟನ್ನೋ ರಾಗಿಹಿಟ್ಟನ್ನೋ ಕುದಿನೀರಿನಲ್ಲಿ ತೊಳಸಿ ಮಾಡುವ ‘ಉಗಾಲಿ’ಯನ್ನು ಅವರೂ ಬೆರಳಿನಿಂದ ಮುರಿದು, ಉಂಡೆ ಕಟ್ಟಿ, ಸೊಪ್ಪಿನ ಪಲ್ಯದೊಡನೆ ತಿನ್ನುತ್ತಾರೆ. ಅಗಿಯದೆ ನುಂಗುವ ವಿದ್ಯೆಯೊಂದನ್ನು ಮಾತ್ರ ಅವನು ಹೊಸದಾಗಿ ಕಲಿಯಬೇಕು. ಇಥಿಯೋಪಿಯದವನಿಗೆ ದೋಸೆಯೂ ಪರಿಚಿತವೇ: ಟೆಫ್ ಎಂಬ ಕಿರುಧಾನ್ಯದ ಹಿಟ್ಟನ್ನು ಹುಳಿಬರಿಸಿ ಹೊಯ್ಯುವ ‘ಇಂಜೆರ’ ದೋಸೆಯ ದಾಯಾದಿಯಂತಿರುತ್ತದೆ.

ಈ ಕೊಡುಕೊಳೆ ಒಂದು ದಿಕ್ಕಿನದೂ ಅಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಾದಿ ಹಾಕಿದ ಕೂಲಿಗಳಲ್ಲಿ ಭಾರತೀಯರೇ ಸುಮಾರು 32,000 ಮಂದಿ. ಅವರೊಡನೆಯೂ ಅಲ್ಲಿ ನೆಲೆಸಿದ ವರ್ತಕರೊಡನೆಯೂ ಹೋದ ಚಪಾತಿಯನ್ನು ಇಂದಿನ ಕೀನ್ಯಾದ ಹುಡುಗ ತನ್ನ ತಾಯಿಯ ಅಡಿಗೆಯೆಂದೇ ನೆನೆಯುತ್ತಾನೆ.

ಇಷ್ಟು ಹಳೆಯ ನಂಟಿನವನನ್ನು ಊರು ಸದಾ ಆದರದಿಂದ ಕಂಡಿದೆ ಎನ್ನುವಂತಿಲ್ಲ. ಮೈಬಣ್ಣವನ್ನು ನೋಡಿ ‘ಮನೆ ಖಾಲಿ ಇಲ್ಲ’ ಎಂದವರುಂಟು. 2016ರ ಜನವರಿ ಕಡೆಯ ದಿನ ಹೆಸರಘಟ್ಟ ರಸ್ತೆಯಲ್ಲಿ ಬೇರೊಬ್ಬ ಆಫ್ರಿಕದ ವಿದ್ಯಾರ್ಥಿಯ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಮೃತರಾದಾಗ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಉದ್ರಿಕ್ತ ಗುಂಪು ಕೈಮಾಡಿತು. ಆ ಸುದ್ದಿ ಓದಿದ ಎಷ್ಟು ಮಂದಿ ಪರದೇಶದ ತಾಯಂದಿರು ಅಂದು ದೂರವಾಣಿಯಲ್ಲಿ, ‘ಕತ್ತಲಾದ ಮೇಲೆ ಹೊರಗೆ ಹೋಗಬೇಡ ಮಗು’ ಎಂದಿರಬೇಕು! ಹೊರಗೆ ಹೋಗದಿದ್ದರೆ ಊಟವೆಲ್ಲಿ? ಅಂಥ ದಿನಗಳಲ್ಲಿ, ಹೆಸರು ತಿಳಿಯದಿದ್ದರೂ ಮುಖ ಬಲ್ಲ ಗಾಡಿಯವನೊಬ್ಬನು, ‘ಏನಪ್ಪಾ, ಎರಡು ದಿನದಿಂದ ಕಾಣಲಿಲ್ಲ?’ ಎಂದು ಕೇಳುವುದು ಸಣ್ಣ ಮಾತಲ್ಲ.

ಹಾಗೆ ಕೇಳುವವನೂ ಬಹುಮಟ್ಟಿಗೆ ಪರವೂರಿನವನೇ. ಮಂಡ್ಯ, ತುಮಕೂರುಗಳಿಂದ ಬಂದವರೂ ಬಿಹಾರ, ನೇಪಾಳಗಳಿಂದ ಬಂದವರೂ ಅಕ್ಕಪಕ್ಕದಲ್ಲಿ ಒಲೆ ಹಚ್ಚಿ ನಿಲ್ಲುತ್ತಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಕೂಡದೆಂದು 2014ರ ಕೇಂದ್ರ ಕಾಯಿದೆ ವಿಧಿಸಿದೆ. ಆದರೂ ಗಾಡಿಯವನ ಒಂದು ಕಣ್ಣು ಬಾಣಲೆಯ ಮೇಲಿದ್ದರೆ ಇನ್ನೊಂದು ರಸ್ತೆಯ ತಿರುವಿನ ಮೇಲೆ. ಪಾದಚಾರಿಗಳಿಗೆ ದಾರಿ ಬೇಕೆಂಬುದು ನ್ಯಾಯವೇ. ಆ ದಾರಿಯಲ್ಲಿ ನಡೆಯುವ ಅರ್ಧ ಜನ ಅವನ ಗಾಡಿಯತ್ತಲೇ ಹೊರಟವರೆಂಬುದೂ ಅಷ್ಟೇ ನಿಜ.

ಯುಗಾದಿಗೆ ಕೆಲವರು ಗಾಡಿಗೆ ಟಾರ್ಪಾಲು ಹೊದಿಸಿ ಊರಿಗೆ ಹೊರಡುತ್ತಾರೆ. ಆ ಮೂರು ನಾಲ್ಕು ದಿನ ಕೋಣೆಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಮರಳಿ ಬಂದವನು ಹಳ್ಳಿಯ ಮನೆಯ ಒಬ್ಬಟ್ಟನ್ನು ಕಾಗದದಲ್ಲಿ ಸುತ್ತಿ ತಂದು, ದುಡ್ಡು ತೆಗೆಯಹೋದ ಹುಡುಗನ ಕೈಯನ್ನು ಹಿಂದಕ್ಕೆ ತಳ್ಳುವುದೂ ಉಂಟು.