ನಾಲ್ಕು ತಾಲ್ಲೂಕು ಸುತ್ತಿ ತಂದ ಕೀಬೋರ್ಡು

ಮೇ ತಿಂಗಳು ಅಂದ್ರೆ ನಮ್ಮ ಶ್ರೀನಿವಾಸಪುರದಲ್ಲಿ ಊರಿಗೆ ಊರೇ ಮಾವಿನ ವಾಸನೆ. ಮಂಡಿಗಳ ಮುಂದೆ ಲಾರಿ ಸಾಲು, ಮನೆ ಹಜಾರದಲ್ಲಿ ಕ್ರೇಟುಗಳ ಸಾಲು. ಆ ಕ್ರೇಟುಗಳ ಪಕ್ಕದಲ್ಲೇ ನನ್ನ ಆಫೀಸು: ಹಳೇ ಊಟದ ಟೇಬಲ್ಲು, ಲ್ಯಾಪ್‌ಟಾಪು, 104 ಕೀಗಳ ಒಂದು ಸಾಧಾರಣ ಕೀಬೋರ್ಡು. ವಾರದಲ್ಲಿ ಎರಡು ದಿನ ಬೆಂಗಳೂರು, ಮೂರು ದಿನ ಇಲ್ಲೇ ಕೂತು ಕೋಡಿಂಗು.

ಒಂದು ಬೆಳಿಗ್ಗೆ ಡೇರಿಗೆ ಹಾಕೋ ಹಾಲಿನ ಕ್ಯಾನು ಎತ್ತೋಕೆ ಹೋದೆ. ಮಣಿಕಟ್ಟು ಚುಳ್ಳಂತು, ಕ್ಯಾನು ಜಾರಿತು, ಅಂಗಳವೆಲ್ಲ ಹಾಲು. ಅಮ್ಮ ಹಾಲಿಗೆ ಬೈಯಲಿಲ್ಲ. ‘ಗುದ್ದಲಿ ಹಿಡಿದೋನಲ್ಲ, ಹಾರೆ ಹಿಡಿದೋನಲ್ಲ, ಕೈ ನೋವು ಹೆಂಗ್ ಬಂತೋ ನಿಂಗೆ?’ ಅಂದ್ರು.

ಆ ನೋವು ಶುರುವಾಗಿ ಆಗಲೇ ಮೂರು ತಿಂಗಳಾಗಿತ್ತು. ಮನೆಯಲ್ಲೂ ಹೇಳಿರಲಿಲ್ಲ, ಆಫೀಸಲ್ಲೂ ಹೇಳಿರಲಿಲ್ಲ. ಹೊಸ ಕೆಲಸ, ಇನ್ನೂ ಕನ್ಫರ್ಮ್ ಆಗಿರಲಿಲ್ಲ. ಟೈಪ್ ಮಾಡೋಕೆ ಕೈ ಬರ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ರಾತ್ರಿ ಬಿಸಿನೀರಲ್ಲಿ ಕೈ ಅದ್ದಿ ಮಲಗ್ತಿದ್ದೆ.

ಮಾರನೇ ದಿನವೇ ಕೋಲಾರದ ಬಸ್ಸು ಹತ್ತಿದೆ. ಮೊದಲು ಮೂಳೆ ಡಾಕ್ಟರ ಹತ್ತಿರ. ಅವರು ಕೈ ಮಡಿಸಿ, ತಿರುಗಿಸಿ, ಬೆರಳು ಜೋಮು ಹಿಡಿಯುತ್ತಾ ಅಂತ ಎರಡೆರಡು ಸಲ ಕೇಳಿದ್ರು. ಇಲ್ಲ ಅಂದಾಗ, ‘ಸದ್ಯ ನರಕ್ಕೆ ತೊಂದರೆ ಆದಂಗಿಲ್ಲ, ಆದ್ರೆ ನೀನು ಕೂರೋ ರೀತಿ ಬದಲಾಗಬೇಕು’ ಅಂದ್ರು. ನಿಮಗೇನಾದ್ರೂ ಬೆರಳು ಜೋಮು ಹಿಡೀತಿದ್ರೆ, ಕೈಲಿ ಲೋಟ ನಿಲ್ತಿಲ್ಲ ಅಂದ್ರೆ, ಈ ಲೇಖನ ಇಲ್ಲೇ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಕೀಬೋರ್ಡು ಔಷಧಿ ಅಲ್ಲ.

ಆದ್ರೂ ನನ್ನ ತಲೆಯಲ್ಲಿ ಕೂತಿದ್ದು ಹೊಸ ಕೀಬೋರ್ಡೇ. ಡೂಂಲೈಟ್ ಸರ್ಕಲ್ ಕಡೆ ಎರಡು ಮೂರು ಅಂಗಡಿ ಹತ್ತಿ ಇಳಿದೆ. ಎಲ್ಲ ಕಡೆ ಡಬ್ಬಿ, ಡಬ್ಬಿ ಮೇಲೆ ಪ್ಲಾಸ್ಟಿಕ್ಕು. ‘ಒಂದು ಸಲ ಟೈಪ್ ಮಾಡಿ ನೋಡ್ಲಾ ಅಣ್ಣ?’ ಅಂದ್ರೆ, ‘ತಗೊಳೋದಾದ್ರೆ ಓಪನ್ ಮಾಡ್ತೀನಿ’ ಅನ್ನೋ ಉತ್ತರ. ಚಪ್ಪಲಿ ಕೂಡ ಹಾಕಿ ನಾಲ್ಕು ಹೆಜ್ಜೆ ನಡೆದು ತಗೋತೀವಿ. ದಿನಕ್ಕೆ ಎಂಟು ಗಂಟೆ ಬೆರಳು ಊರೋ ಸಾಮಾನನ್ನ ಡಬ್ಬಿ ಮೇಲಿನ ಚಿತ್ರ ನೋಡಿ ತಗೋಬೇಕು.

ಬರಿಗೈಯಲ್ಲಿ ಬಸ್ ಸ್ಟ್ಯಾಂಡ್ ಕಡೆ ನಡೆಯೋವಾಗ ಮಹಡಿ ಮೇಲಿಂದ ಟಕಟಕ ಸದ್ದು ಕೇಳಿಸ್ತು. ಟೈಪಿಂಗ್ ಇನ್‌ಸ್ಟಿಟ್ಯೂಟು. ಹತ್ತನೇ ಕ್ಲಾಸು ಮುಗಿದ ರಜೆಯಲ್ಲಿ ನಾನು ಕೈ ಪಳಗಿಸಿಕೊಂಡಿದ್ದು ಅಲ್ಲೇ. ಮೇಷ್ಟ್ರಿಗೆ ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ, ಗುರುತು ಮಾತ್ರ ಹಿಡಿದ್ರು. ವಿಷಯ ಹೇಳಿದೆ. ಸುಮ್ಮನೆ ಒಂದು ಮೆಷಿನ್ ಮುಂದೆ ಕೂರಿಸಿದ್ರು.

‘ಮೊಣಕೈ ಎಲ್ಲಿರಬೇಕು ಅಂದಿದ್ದೆ?’

‘ಪಕ್ಕೆಗೆ ಹತ್ತಿರ ಸಾರ್.’

‘ಮನೇಲಿ ಎಲ್ಲಿರುತ್ತೆ?’

ಉತ್ತರ ಇರಲಿಲ್ಲ. ನಮ್ಮ ಊಟದ ಟೇಬಲ್ಲು 30 ಇಂಚು ಎತ್ತರ. ಕುರ್ಚಿ ಗಿಡ್ಡ. ಹಾಗಾಗಿ ಮೊಣಕೈ ರೆಕ್ಕೆ ಥರ ಎದ್ದಿರುತ್ತೆ, ಮಣಿಕಟ್ಟು ಟೇಬಲ್ ಅಂಚಿಗೆ ಒತ್ತಿರುತ್ತೆ. ಸಾಲದ್ದಕ್ಕೆ ಕೀಬೋರ್ಡಿನ ಹಿಂದಿನ ಕಾಲು ಎಬ್ಬಿಸಿ ಇಟ್ಟಿದ್ದೆ, ಅಂದ್ರೆ ಅಂಗೈ ಇನ್ನಷ್ಟು ಹಿಂದಕ್ಕೆ ಬಗ್ಗೋದು. ಆ ಕಾಲು ಇರೋದೇ ಎಬ್ಬಿಸೋಕೆ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ.

ಮೇಷ್ಟ್ರು ಇನ್ನೊಂದು ತೋರಿಸಿದ್ರು. ಮೆಷಿನ್ ಒಳಗೆ ಬಗ್ಗಿ ನೋಡಿದ್ರೆ ಪ್ರತಿ ಕೀಗೂ ಕೆಳಗೊಂದು ಉದ್ದನೆ ಕಡ್ಡಿ. ಒಂದು ಕಡ್ಡಿ ಇನ್ನೊಂದಕ್ಕೆ ತಾಗಬಾರದು ಅಂತಲೇ ಮೇಲಿನ ಸಾಲು, ಕೆಳಗಿನ ಸಾಲು ಒಂಚೂರು ಸರಿದು ಸೊಟ್ಟ ನಿಂತಿವೆ. ಅಮೆರಿಕದಲ್ಲಿ ರೆಮಿಂಗ್ಟನ್ ಕಂಪನಿ 1874ರಲ್ಲಿ ಶೋಲ್ಸ್ ಅವರ ಟೈಪ್‌ರೈಟರ್ ಮಾರೋಕೆ ತಂದಾಗಿಂದ ಇದೇ ಕಥೆ. ಕಂಪ್ಯೂಟರ್ ಕೀಬೋರ್ಡಲ್ಲಿ ಕಡ್ಡಿಯೇ ಇಲ್ಲ, ಸೊಟ್ಟ ಮಾತ್ರ ಉಳಿದಿದೆ. ನಮ್ಮ ಎಡಗೈ ಮಣಿಕಟ್ಟು ಇವತ್ತಿಗೂ ಅದಕ್ಕೆ ಹೊಂದಿಕೊಂಡು ತಿರುಗ್ತಿದೆ.

ಭಾನುವಾರ ಮಾಲೂರು. ಅಲ್ಲಿ ನನ್ನ ಸ್ನೇಹಿತ ಇದ್ದಾನೆ, ದಿನಾ ರೈಲಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರ್ತಾನೆ, ಸಂಬಳದ ಒಂದು ಪಾಲು ಕೀಬೋರ್ಡಿಗೇ ಸುರೀತಾನೆ. ಮಂಚದ ಮೇಲೆ ನಾಲ್ಕು ಕೀಬೋರ್ಡು ಹರಡಿದ. ಅಗ್ಗದ ಕೀಬೋರ್ಡಲ್ಲಿ ಕೀಗಳ ಕೆಳಗೆ ಒಂದೇ ರಬ್ಬರ್ ಹಾಳೆ. ಕೀ ತಳಮುಟ್ಟ ಒತ್ತಿದ್ರೇನೇ ಅಕ್ಷರ ಮೂಡೋದು. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಬೇರೆ ಸ್ಪ್ರಿಂಗು, ಬೇರೆ ಸ್ವಿಚ್ಚು. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚು ತಗೊಂಡ್ರೆ ಸುಮಾರು 45 ಗ್ರಾಂ ಭಾರ, 4 ಮಿಲಿಮೀಟರ್ ಓಡಾಟ, ಅದರಲ್ಲಿ 2 ಮಿಲಿಮೀಟರ್ ಇಳಿಯೋ ಹೊತ್ತಿಗೆ ಅಕ್ಷರ ಬಿದ್ದಿರುತ್ತೆ. ಅಂದ್ರೆ ತಳಕ್ಕೆ ಗುದ್ದಬೇಕಾಗಿಲ್ಲ. ಕಂದು ಸ್ವಿಚ್ಚಲ್ಲಿ ನಡುವೆ ಸಣ್ಣ ಉಬ್ಬು ಬೆರಳಿಗೆ ಸಿಗುತ್ತೆ. ನೀಲಿಯಲ್ಲಿ ಉಬ್ಬಿನ ಜೊತೆ ಕ್ಲಿಕ್ ಸದ್ದು.

ನನಗೆ ನೀಲಿ ಒಂದೇ ಏಟಿಗೆ ಇಷ್ಟವಾಯ್ತು. ಹತ್ತು ನಿಮಿಷ ಆಗಿರಬೇಕು, ಒಳಗಿಂದ ಅವನ ಅಜ್ಜಿ, ‘ಏನೋ ಅದು, ಹೆಂಚಿನ ಮೇಲೆ ಆಲಿಕಲ್ಲು ಬಿದ್ದಂಗೆ!’ ಅಂದ್ರು. ಹೆಂಚಿನ ಕಾರ್ಖಾನೆಗಳ ಊರಿನೋರು, ಹೋಲಿಕೆ ಸರಿಯಾಗೇ ಇತ್ತು. ನಮ್ಮನೇಲಿ ಅಪ್ಪ ಒಂಬತ್ತಕ್ಕೆ ಮಲಗಿ ಮೂರಕ್ಕೆ ಎದ್ದು ಮಂಡಿಗೆ ಹೋಗೋರು. ನನ್ನ ರಾತ್ರಿ ಮೀಟಿಂಗು ಅವರ ತಲೆದಿಂಬಿನ ಪಕ್ಕದ ಗೋಡೆಯಾಚೆ. ನೀಲಿ ಆಸೆ ಅಲ್ಲಿಗೇ ಬಿಟ್ಟೆ. ಸ್ನೇಹಿತ ಕೆಂಪು ಸ್ವಿಚ್ಚಿನದ್ದನ್ನ ಟವೆಲ್ಲಲ್ಲಿ ಸುತ್ತಿ ಕೊಟ್ಟ, ‘ಒಂದು ವಾರ ಇಟ್ಕೊಂಡು ನೋಡು ಮಗಾ, ಹತ್ತು ನಿಮಿಷದಲ್ಲಿ ಏನೂ ಗೊತ್ತಾಗಲ್ಲ.’ ಯಾವ ವೀಡಿಯೋದಲ್ಲೂ ಸಿಗದ ಸಲಹೆ ಅದು.

ಬಸ್ಸಲ್ಲಿ ಕೂತಾಗ ಒಂದು ತಲೆಹರಟೆ ಯೋಚನೆ. ಮಾಸ್ತಿ ಹುಟ್ಟಿದ್ದು ಇದೇ ಮಾಲೂರು ತಾಲ್ಲೂಕಲ್ಲಿ, ಡಿವಿಜಿ ಮುಳಬಾಗಿಲಲ್ಲಿ. ಅಷ್ಟು ಸಾವಿರ ಪುಟ ಬರೆದೋರು ಕೈ ನೋವಿಗೆ ಏನು ಹಚ್ಕೋತಿದ್ರೋ!

ಮುಳಬಾಗಿಲಿಗೆ ಹೋಗಿದ್ದು ಮುಂದಿನ ಶನಿವಾರ, ದೋಸೆ ನೆಪದಲ್ಲಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪ. ಅದರ ಬಗ್ಗೆ ಈ ಅಂಕಣದಲ್ಲಿ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಕಾಲೇಜಿನ ಸೀನಿಯರ್ ಒಬ್ಬರು ಅಲ್ಲಿಂದಲೇ ಕೆಲಸ ಮಾಡ್ತಾರೆ, ಅವರ ಹತ್ತಿರ ಎರಡು ಹೋಳಾಗೋ ಕೀಬೋರ್ಡಿದೆ. ಎರಡೂ ಹೋಳನ್ನ ಭುಜದಷ್ಟು ಅಗಲ ಇಟ್ಟು ಕೈ ಚಾಚಿದಾಗ, ನಿಜ ಹೇಳ್ತೀನಿ, ಮಣಿಕಟ್ಟು ಮೊದಲ ಸಲ ನೆಟ್ಟಗಾಯ್ತು. ಎದೆ ಕೂಡ ತೆರೆದ ಹಾಗಾಯ್ತು. ಆದ್ರೆ ಬರೆಯೋಕೆ ಹೋದ್ರೆ ‘ಬಿ’ ಕೀ ಸಿಗ್ತಾನೇ ಇಲ್ಲ. ಅದು ಎಡ ಹೋಳಲ್ಲಿದೆ, ನಾನು ಇಷ್ಟು ವರ್ಷ ಅದನ್ನ ಬಲಗೈಯಲ್ಲಿ ಒತ್ತಿದೋನು. ‘ನಂಗೆ ಒಂದು ತಿಂಗಳು ಹಿಡೀತು’ ಅಂದ್ರು ಅವರು. ಬೆಲೆ ಕೇಳಿದ ಮೇಲೆ ಇನ್ನೊಂದು ಕಾಫಿ ಹೇಳಿದೆ. ಕೆಲಸ ಕನ್ಫರ್ಮ್ ಆಗೋ ಮುಂಚೆ ಒಂದು ತಿಂಗಳು ನಿಧಾನಕ್ಕೆ ಟೈಪ್ ಮಾಡೋ ಧೈರ್ಯ ನನಗಿರಲಿಲ್ಲ. ನೋವು ಜಾಸ್ತಿ ಇದ್ದೋರು, ಕೈಲಿ ಸಮಯ ಇದ್ದೋರು ಅದನ್ನೇ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಅವರು ಇನ್ನೊಂದು ಮಾತು ಹೇಳಿದ್ರು: ‘ನಿನ್ನ ನೋವು ಕಿರುಬೆರಳ ಕಡೆ ತಾನೆ? ಕಂಟ್ರೋಲ್ ಕೀ ಮೂಲೆಯಿಂದ ಎಬ್ಬಿಸು.’ ಪ್ರೋಗ್ರಾಂ ಬರೆಯೋರಿಗೆ ಕಂಟ್ರೋಲು, ಶಿಫ್ಟು, ಬ್ರಾಕೆಟ್ಟು ಎಲ್ಲ ಕಿರುಬೆರಳ ಪಾಲು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದ್ರೆ ನುಡಿಯಲ್ಲಿ, ಕನ್ನಡ ಬರೆಯೋವಾಗ್ಲೂ ಮಹಾಪ್ರಾಣಕ್ಕೆ ಶಿಫ್ಟೇ ಬೇಕು. ಒತ್ತಕ್ಷರ ಮಾತ್ರ ಪುಣ್ಯಕ್ಕೆ ‘ಎಫ್’ ಕೀ ಮೇಲೆ, ತೋರುಬೆರಳ ಕೆಳಗೇ ಇದೆ. ಯಾವತ್ತೂ ಬಳಸದ ಕ್ಯಾಪ್ಸ್ ಲಾಕನ್ನ ಅವತ್ತೇ ಸೆಟ್ಟಿಂಗ್ಸಲ್ಲಿ ಕಂಟ್ರೋಲ್ ಮಾಡಿಕೊಂಡೆ. ಐದು ಪೈಸೆ ಖರ್ಚಿಲ್ಲ, ಬೆರಳಿಗೆ ಗೊತ್ತಾಗೋಷ್ಟು ವ್ಯತ್ಯಾಸ.

ಕೊನೆಗೆ ತಗೊಂಡಿದ್ದು 87 ಕೀಗಳದ್ದು, ಕೆಂಪು ಸ್ವಿಚ್ಚು, ನಾಲ್ಕು ಸಾವಿರಕ್ಕೆ ಸ್ವಲ್ಪ ಕಮ್ಮಿ. ಬಲಗಡೆ ನಂಬರ್ ಪ್ಯಾಡ್ ಇಲ್ಲದ್ದಕ್ಕೆ ಮೌಸು ಹತ್ತಿರ ಬಂತು, ಬಲ ಭುಜ ಎಳೆಯೋದು ನಿಂತಿತು. ಹಿಂದಿನ ಕಾಲು ಮಡಿಸಿಯೇ ಇಟ್ಟಿದ್ದೀನಿ.

ಟೇಬಲ್ ಕಾಲು ಕತ್ತರಿಸ್ತೀನಿ ಅಂದಾಗ ಅಮ್ಮ ಒಪ್ಪಲಿಲ್ಲ, ಅದು ಅಜ್ಜಿ ಕಾಲದ್ದು. ‘ನಾನು ಹಸು ಎತ್ತರಕ್ಕೆ ಮಣೆ ಹುಡುಕ್ತೀನಿ, ಹಸು ಕಾಲು ಕಡೀತೀನಾ?’ ಅಂದ್ರು. ಹಾಗಾಗಿ ಕುರ್ಚಿಗೆ ಎರಡು ದಪ್ಪ ದಿಂಬು, ನೇತಾಡೋ ಕಾಲಿಗೆ ಬೋರಲು ಹಾಕಿದ ಮಾವಿನ ಕ್ರೇಟು. ಮೀಟಿಂಗಲ್ಲಿ ಕ್ಯಾಮೆರಾಗೆ ಕಾಣಲ್ಲ.

ಎರಡು ತಿಂಗಳಾಯ್ತು. ಕ್ಯಾನು ಎತ್ತುತ್ತೀನಿ, ಆದ್ರೂ ಶುಕ್ರವಾರ ಸಂಜೆ ಹೊತ್ತಿಗೆ ಮಣಿಕಟ್ಟು ಒಂಚೂರು ಹಿಡಿಯುತ್ತೆ. ಮ್ಯಾನೇಜರಿಗೂ ಹೇಳಿದ್ದಾಯ್ತು, ಆಕೆ ತಮ್ಮ ಕೈಗೆ ಕಟ್ಟಿಕೊಂಡಿದ್ದ ಪಟ್ಟಿ ಕ್ಯಾಮೆರಾ ಮುಂದೆ ಹಿಡಿದು ತೋರಿಸಿದ್ರು. ಹಳೇ 104 ಕೀಗಳದ್ದನ್ನ ಎಸೆಯೋಕೆ ಹೊರಟಿದ್ದೆ, ಅಪ್ಪ ತಡೆದು ಮಂಡಿಗೆ ತಗೊಂಡು ಹೋದ್ರು. ಕ್ರೇಟ್ ಲೆಕ್ಕ ಹಾಕೋಕೆ ಅವರಿಗೆ ಆ ನಂಬರ್ ಪ್ಯಾಡೇ ಬೇಕಂತೆ.