ಉಪ್ಪಾರಹಳ್ಳಿ: ಹೆಸರಿನ ಮರ್ಯಾದೆ

ತುಮಕೂರು ನಗರದ ರೈಲುಮಾರ್ಗದ ಬಳಿಯಿರುವ ಉಪ್ಪಾರಹಳ್ಳಿ ಈಗ ಹಳ್ಳಿಯಾಗಿ ಉಳಿದಿಲ್ಲ. ಮನೆ, ಅಂಗಡಿ, ಅವಸರದ ವಾಹನಗಳಿಂದ ತುಂಬಿದ ಬಡಾವಣೆಯದು. ಹಳ್ಳಿ ಮರೆಯಾದರೂ ಹೆಸರು ಉಳಿದಿದೆ. ದಿನಂಪ್ರತಿ ಅದನ್ನು ಉಚ್ಚರಿಸುವವರಲ್ಲಿ ಅದರ ಅರ್ಥವನ್ನು ಆಲೋಚಿಸುವವರು ವಿರಳ.

ಉಪ್ಪಾರರೆಂದರೆ ಉಪ್ಪು ತಯಾರಿಸುವವರು. ಕಡಲಿಗೆ ದೂರವಾದ ಬಯಲುಸೀಮೆಯಲ್ಲಿ ಬೇಸಗೆಯ ದಿನಗಳಲ್ಲಿ ಚೌಳುಮಣ್ಣನ್ನು ಕೆರೆದು ತಂದು, ಗುಂಡಿಯಲ್ಲಿ ತುಂಬಿ, ನೀರೆರೆದು, ಬಸಿದುಬಂದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸುವುದು ಅವರ ಕಸುಬು. ಸಮುದ್ರದ ಉಪ್ಪು ಅಗ್ಗವಾಗಿ ಒಳನಾಡಿಗೆ ಬರತೊಡಗಿದ ಮೇಲೆ ಆ ಕಸುಬು ಕ್ಷೀಣಿಸಿತು. ಅನೇಕರು ಮಣ್ಣುಕೆಲಸ, ಗಾರೆಕೆಲಸಗಳನ್ನು ಕೈಗೊಂಡರು. ಗಂಗೆಯನ್ನು ಭೂಮಿಗೆ ತಂದ ಭಗೀರಥನನ್ನು ಈ ಸಮುದಾಯ ತನ್ನ ಮೂಲಪುರುಷನೆಂದು ಗೌರವಿಸುತ್ತದೆ.

ಕಸುಬಿನ ಹೆಸರುಗಳಿಗೆಲ್ಲ ಊರಿನ ಹೆಸರಾಗಿ ನಿಲ್ಲುವ ಮರ್ಯಾದೆಯಷ್ಟೇ ದೊರೆಯಲಿಲ್ಲ. ಕಲ್ಲು ಒಡೆದು, ಬಾವಿ ತೋಡಿ, ಕೆರೆಗಳಿಗೆ ಏರಿ ಹಾಕಿದ ಜನರ ಹೆಸರು ‘ವಡ್ಡ’. ಅದೇ ಹೆಸರು ನಾಡಿನ ಬಾಯಲ್ಲಿ ಒರಟನನ್ನು ಹೀಯಾಳಿಸುವ ಮಾತಾಯಿತು. ಸುಶಿಕ್ಷಿತರ ಮನೆಯಲ್ಲಿಯೂ ಬಟ್ಟೆಗೆ ಕೆಸರು ಮೆತ್ತಿಕೊಂಡು ಬಂದ ಮಗುವಿಗೆ ಹಿರಿಯರು ನಗುತ್ತಲೇ ಆ ಮಾತನ್ನಾಡಿಬಿಡುವರು. ಆಡಿದವರಿಗೆ ಅದು ಬರಿಯ ಗದರಿಕೆ. ಹೊರಗೆ ಕಾಂಪೌಂಡು ಕಟ್ಟುತ್ತಿರುವವನಿಗೆ ಅದು ತಂದೆ ತಾತಂದಿರ ಹೆಸರು. ಆ ಸಮುದಾಯದವರು ‘ಭೋವಿ’ ಎಂದು ಕರೆಸಿಕೊಳ್ಳಬಯಸಿದುದರಲ್ಲಿ ಆಶ್ಚರ್ಯವೇನಿದೆ?

ಬೈಗುಳವಿಲ್ಲದ ಭಾಷೆಯಿಲ್ಲ. ಚೀನೀಯರು ದಡ್ಡನನ್ನು ‘ಅರ್ ಬೈ ವೂ’, ಎಂದರೆ ‘ಇನ್ನೂರೈವತ್ತು’ ಎಂದು ಹಂಗಿಸುವರು. ನಮ್ಮಲ್ಲಿ ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಎಂಬ ಬಿರುದು 1860ರ ದಂಡಸಂಹಿತೆಯ 420ನೆಯ ಕಲಮಿನಿಂದ ಬಂದಿತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಹೊಸದು ಜಾರಿಗೆ ಬಂದಿದೆ; ಬಿರುದು ಮಾತ್ರ ಹಾಗೆಯೇ ಇದೆ! ಆದರೆ ಅಂಕೆಗೆ ಅವಮಾನವಿಲ್ಲ. ಜಾತಿಯ ಹೆಸರು ಬೈಗುಳವಾದಾಗ ನೋಯುವವರು ಮನುಷ್ಯರು.

ಕಾನೂನೂ ಇದನ್ನು ಗುರುತಿಸಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಾರ್ವಜನಿಕರ ಕಣ್ಣೆದುರು ಜಾತಿಯ ಹೆಸರು ಹಿಡಿದು ಅವರನ್ನು ನಿಂದಿಸುವುದು ಅಪರಾಧ. ಭೋವಿ ಸಮುದಾಯ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಆದರೆ ಅಡುಗೆಮನೆಯ ಮಾತನ್ನು, ಮಕ್ಕಳ ಜಗಳದ ಮಾತನ್ನು ತಿದ್ದುವ ಹೊಣೆ ಮನೆಯ ಹಿರಿಯರದೇ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಹೇಳುವರು. ಉಪ್ಪನ್ನೇ ಮಾಡಿಕೊಟ್ಟವರ ಮತ್ತು ಮನೆಯನ್ನೇ ಕಟ್ಟಿಕೊಟ್ಟವರ ವಿಷಯದಲ್ಲಿ ಈ ಮಾತು ಇನ್ನಷ್ಟು ಸಲ್ಲುತ್ತದೆ.